ಘಾಟು

ಕಾಶಿನಾಥನನ್ನು ಕಂಡರೆ ಆ ಯಂತ್ರಕ್ಕೆ ಆಗುತ್ತಿರಲಿಲ್ಲ. ಬೊರಿವಲಿ ಪೂರ್ವದ ಹಳೇ ಬಿಲ್ಡಿಂಗಿನ ಮೂರನೇ ಮಹಡಿಯಲ್ಲಿ, ಒಂದು ಕೋಣೆ, ಒಂದು ಅಡಿಗೆಮನೆಯ ಆ ಸಂಸಾರಕ್ಕೆ ಅದು ಬಂದು ಸೇರಿದಂದಿನಿಂದ, ಸಂಜೆ ಅವನು ಹೊಸ್ತಿಲು ದಾಟಿದನೋ ಇಲ್ಲವೋ, ಅದರ ಹಣೆಯ ಮೇಲಿನ ನೀಲಿ ದೀಪ ಒಮ್ಮೆ ಮಿಣುಕಿ, ಕಿತ್ತಳೆಗೆ ಹೊರಳಿ, ಕೆಂಪಗೆ ನಿಂತುಬಿಡುತ್ತಿತ್ತು. ಹೊಟ್ಟೆಯೊಳಗಿನ ಫ್ಯಾನು ಗುರ್ರೆನ್ನುತ್ತಿತ್ತು. ಬೆಳಿಗ್ಗೆ ಹಾಲಿನವನು ಬಂದರೆ ನೀಲಿ. ಮಧ್ಯಾಹ್ನ ಮೇಲಿನ ಮನೆಯ ಹೆಂಗಸು ಮೈತುಂಬ ಸೆಂಟು ಹೊಡೆದುಕೊಂಡು ಕೂಸು ನೋಡಲು ಬಂದರೆ ಸ್ವಲ್ಪ ಕಿತ್ತಳೆ, ಅದೂ ಮರ್ಯಾದೆಗೆ. ಮಾವ ಮರೆಪ್ಪ ಪವಾಯಿಯಿಂದ ಬೀಡಿ ಸೇದುತ್ತ ಬಂದು ಬಾಗಿಲಲ್ಲಿ ಬೀಡಿ ಆರಿಸಿ ಒಳಗೆ ಬಂದರೂ ಅಷ್ಟೆ. ಹುಟ್ಟಿಸಿದ ತಂದೆ ಬಂದರೆ ಮಾತ್ರ ಕೆಂಪು. ಇದನ್ನು ಯಾರ ಹತ್ತಿರ ಹೇಳಿಕೊಳ್ಳುವುದು? ಒಂದು ಫ್ಯಾನಿನ ಡಬ್ಬಿ ತನ್ನನ್ನು ಅವಮಾನ ಮಾಡುತ್ತದೆ ಎಂದು ಮೂವತ್ತು ಜನ ಕೂಲಿಗಳನ್ನು ಹೆದರಿಸಿ ಇಟ್ಟುಕೊಂಡ ಸೂಪರ್‌ವೈಸರ್ ಯಾವ ಬಾಯಲ್ಲಿ ಹೇಳಬೇಕು? ಹೆಂಡತಿ ಸೋನಾಲಿಯ ಬಾಂದ್ರಾ ಆಫೀಸಿನ ಗೆಳತಿಯರು ಎಲ್ಲರೂ ಸೇರಿ, ನಿಖಿತಾ ಎಂಬವಳ ಮುಂದಾಳುತನದಲ್ಲಿ, ಕೂಸಿಗೆ ಬೆಳ್ಳಿಯ ಗಿಲಕಿ ಕೊಡುವ ಬದಲು ಗಾಳಿ ತೊಳೆಯುವ ಈ ಯಂತ್ರ ಕೊಟ್ಟಿದ್ದರು. ತಿಂಗಳು ತುಂಬುವ ಮೊದಲೇ, ಒಂದು ಕೈಯಲ್ಲಿ ಹಿಡಿಯುವಷ್ಟು ಸಣ್ಣದಾಗಿ ಹುಟ್ಟಿದ ಕೂಸು. ಅದಕ್ಕೆ ಗಿಲಕಿ ಅಲ್ಲಾಡಿಸುವ ಶಕ್ತಿ ಬರಲು ಇನ್ನೂ ಕಾಲ ಬೇಕಿತ್ತು.

ಯಂತ್ರದ ಕೆಲಸವೇನೆಂದು ಸೋನಾಲಿ ತನ್ನ ತಾಯಿ ಭಾಗವ್ವನಿಗೆ ಹೇಳಿಕೊಡದೆ ಇರಲಿಲ್ಲ. "ಮಮ್ಮಿ, ಇದು ಧೂಳ್ ನೋಡ್ತದ. ಪೊಲ್ಯೂಶನ್. ಗಂದಾ ಹವಾ ಬಂದ್ರ ಲಾಲ್ ಆಗ್ತದ." ಬಾಣಂತನಕ್ಕೆಂದು ಬಂದಿದ್ದ ಭಾಗವ್ವ ಯಂತ್ರವನ್ನು ಸುತ್ತಲೂ ನೋಡಿ, "ಧೂಳ ಕಣ್ಣಿಗಿ ಕಾಣ್ತದಲ್ಲವ್ವ, ಅದಕ್ಯಾಕ ಮಷೀನ? ಕಣ್ಣಿಗಿ ಕಾಣಲಾರದ್ದು ಏನರ ಬಂದ್ರ ಹೇಳ್ತದ ಇದು," ಎಂದಳು. ಕಣ್ಣಿಗೆ ಕಾಣದೆ ಮನೆಯೊಳಗೆ ಬರುವಂಥದ್ದು ಭಾಗವ್ವನ ಲೆಕ್ಕದಲ್ಲಿ ಒಂದೇ. ದೃಷ್ಟಿ. ಹೀಗೆ ಆ ಯಂತ್ರ ದೃಷ್ಟಿ ಹಿಡಿಯುವ ಯಂತ್ರವಾಯಿತು. ಅದೂ ಸಾಲದೆಂಬಂತೆ ಅದಕ್ಕೆ ಇನ್ನೊಂದು ನೌಕರಿಯೂ ಸಿಕ್ಕಿತು. ಭಾಗವ್ವ ಮುಂಬಯಿಗೆ ಬಂದು ಅರ್ಧ ಆಯುಷ್ಯವಾಗಿದ್ದರೂ ಅಳಿಯನ ಜೊತೆ ನೇರವಾಗಿ ಮಾತಾಡುವವಳಲ್ಲ. ಮದುವೆಯಾದ ಹೊಸತರಲ್ಲಿ ಅವನಿಗೆ ಹೇಳಬೇಕಾದ್ದನ್ನು ಮರೆಪ್ಪನಿಗೆ ಹೇಳುತ್ತಿದ್ದಳು, ಮರೆಪ್ಪ ಇಲ್ಲದಾಗ ಗೋಡೆಗೆ ಹೇಳುತ್ತಿದ್ದಳು. ಈಗ ಯಂತ್ರವಿತ್ತು. "ಏ ಮಷೀನ, ಅಳಿಯಂದ್ರು ಬಂದಾರ, ಚಾ ಕುಡೀತಾರೇನ ಕೇಳು." ಕಾಶಿನಾಥ ಯಂತ್ರದ ಕಡೆ ನೋಡಿ "ಹೂಂ" ಅನ್ನುತ್ತಿದ್ದ. ಅದು ಕೆಂಪು ಕಣ್ಣು ಬಿಟ್ಟುಕೊಂಡು ಇಬ್ಬರ ಮಾತನ್ನೂ ಕೇಳಿಸಿಕೊಳ್ಳುತ್ತಿತ್ತು.

ಮೊದಲ ದಿನ ಕೆಂಪಾದಾಗ ಅವನಿಗೆ ಆಶ್ಚರ್ಯವಾಗಿರಲಿಲ್ಲ. ಅಂಗಿಯ ತುಂಬ ಸಿಮೆಂಟು, ಕೂದಲಲ್ಲಿ ಸುಣ್ಣ, ಕಿವಿಯೊಳಗೆ ಎದುರಿನ ಸೊಸೈಟಿಯ ಅರ್ಧ ಗೋಡೆ. ಎದುರಿನ ಸೊಸೈಟಿ ಅಂದರೆ ಬೀದಿಯ ಆಚೆಗಿನ ಹಳೇ ವಸತಿ ಕಟ್ಟಡ. ಅದನ್ನು ಕೆಡವಿ ಟವರ್ ಕಟ್ಟುವ ಕೆಲಸ ಅವನ ಕಂಪನಿಗೆ ಸಿಕ್ಕಾಗ ಕಾಶಿನಾಥ ಪೇಢೆ ಹಂಚಿದ್ದ. ಇನ್ನು ಲೋಕಲ್ ರೈಲಿನಲ್ಲಿ ಜೋತಾಡುವುದಿಲ್ಲ, ಮಧ್ಯಾಹ್ನದ ಊಟಕ್ಕೆ ಮನೆ, ಹೆಂಡತಿ ಬಸುರಿ, ಕೂಗಿದರೆ ಕೇಳುವಷ್ಟು ಹತ್ತಿರ. ತನ್ನ ಕೂಗು ಅವಳಿಗೆ ಕೇಳುವಷ್ಟು ಹತ್ತಿರವಾದರೆ ತನ್ನ ಬ್ರೇಕರ್ ಅವಳಿಗೆ ಕೇಳದೆ ಇರುತ್ತದೆಯೇ, ಇದನ್ನು ಯೋಚಿಸಿರಲಿಲ್ಲ. ಕಾಂಕ್ರೀಟು ಒಡೆಯುವ ಆ ಬ್ರೇಕರ್ ಶುರುವಾದರೆ ಅವರ ಮನೆಯ ಸ್ಟ್ಯಾಂಡಿನ ಮೇಲಿನ ಸ್ಟೀಲು ಲೋಟಗಳು ಒಂದಕ್ಕೊಂದು ಮಾತಾಡತೊಡಗುತ್ತಿದ್ದವು. ಸೋನಾಲಿ ಹೊಟ್ಟೆಯ ಮೇಲೆ ಕೈಯಿಟ್ಟುಕೊಂಡು "ಇದು ಒಳಗ ಡಾನ್ಸ್ ಮಾಡ್ಲತ್ತದ, ನಿನ್ನ ಮಷೀನ್ ಬಂದ್ ಮಾಡು," ಎಂದು ಕಿಟಕಿಯಿಂದ ಫೋನು ಮಾಡುತ್ತಿದ್ದಳು. ಅವನು ಬೀದಿಯ ಆಚೆಯಿಂದ ಹೆಲ್ಮೆಟ್ ಎತ್ತಿ ಆಡಿಸುತ್ತಿದ್ದ. ಕೂಲಿಗಳ ಮುಂದೆ ಅವನಿಗೆ ಅದೊಂದು ಹೆಮ್ಮೆ. ಕೂಸು ಹೊಟ್ಟೆಯಲ್ಲಿ ನಿಜಕ್ಕೂ ಕುಣಿಯುತ್ತಿದೆ ಎಂದು ನಂಬಿ ನಕ್ಕಿದ್ದನಲ್ಲ, ಆ ನಗೆ ನೆನಪಾದರೆ ಈಗ ಅವನು ಆ ಕಿಟಕಿಯ ಕಡೆ ತಲೆಯೆತ್ತುತ್ತಿರಲಿಲ್ಲ.

ಕೂಸು ಹುಟ್ಟಿದ ಮೇಲೆ ಡಾಕ್ಟರ್ ರಾಧಿಕಾ ಇಬ್ಬರನ್ನೂ ಎದುರಿಗೆ ಕೂರಿಸಿಕೊಂಡು ಒಂದೊಂದೇ ಕೇಳಿದ್ದರು. ಮನೆ ಎಲ್ಲಿ, ಹತ್ತಿರದಲ್ಲಿ ಏನು ಕಟ್ಟುತ್ತಿದ್ದಾರೆ, ನಿದ್ದೆ ಬರುತ್ತಿತ್ತೇ, ಆಫೀಸಿಗೆ ಹೋಗುವಾಗ ಸೀಟು ಸಿಗುತ್ತಿತ್ತೇ, ಮೇ ತಿಂಗಳ ಸೆಕೆಯಲ್ಲಿ ನೀರು ಕುಡಿಯುತ್ತಿದ್ದಿರೇ. ಕೊನೆಗೆ, ಪೆನ್ನು ಕೆಳಗಿಟ್ಟು, "ಘರ್ ಮೇ ಕೋಈ ಟೆನ್ಶನ್?" ಎಂದು ಮನೆಯೊಳಗಿನ ಚಿಂತೆಯನ್ನೂ ಕೇಳಿದರು. ಸೋನಾಲಿ ಕುತ್ತಿಗೆ ತಿರುಗಿಸಿ ಕಾಶಿನಾಥನನ್ನು ನೋಡಿದಳು. ಅವನು ಆ ಹೊತ್ತಿಗೆ ಸರಿಯಾಗಿ ದವಾಖಾನೆಯ ಛಾವಣಿಯಲ್ಲಿದ್ದ ಒಂದು ಬಿರುಕನ್ನು ನೋಡಿಕೊಂಡು, ಪ್ಲಾಸ್ಟರಿಗೆ ನೀರು ಹೊಡೆದದ್ದು ಸಾಲದು ಎಂದುಕೊಳ್ಳುತ್ತಿದ್ದ. ಕೆಳಗೆ ನೋಡಿದರೆ ಎರಡು ಜೊತೆ ಕಣ್ಣು ತನ್ನ ಮೇಲೆ. ಅವನು ತಪ್ಪು ಪ್ಲಾಟ್‌ಫಾರ್ಮಿಗೆ ಇಳಿದವನಂತೆ ಹಲ್ಲು ಕಿರಿದ. ಒಂದೇ ಕಾರಣ ಅಂತಿಲ್ಲ, ಹವೆ, ಗದ್ದಲ, ನಿಲ್ಲುವುದು, ಬಿಸಿಲು, ಚಿಂತೆ, ಎಲ್ಲ ಚೂರು ಚೂರು ಸೇರುತ್ತದೆ, ಹುಡುಕಿ ಉಪಯೋಗವಿಲ್ಲ, ಎಂದು ಡಾಕ್ಟರ್ ಹೇಳಿದ್ದು ಅವನ ಕಿವಿಯ ಪಕ್ಕದಿಂದ ಹಾದುಹೋಯಿತು. ಆ ನೋಟ ಮಾತ್ರ ಒಳಗೆ ಉಳಿಯಿತು. ಟೆನ್ಶನ್ ಎಂದದ್ದಕ್ಕೆ ಅವಳು ತನ್ನನ್ನು ಯಾಕೆ ನೋಡಿದಳು? ಉತ್ತರ ಹೇಳುವ ಬದಲು ಉತ್ತರವನ್ನೇ ತೋರಿಸಿದಳೇ? ಕೇಳಿಬಿಡಬಹುದಿತ್ತು. ಹೌದು ಎಂದುಬಿಟ್ಟರೆ ಆಮೇಲೆ ಅದೇ ಕೋಣೆಯಲ್ಲಿ ಮಲಗುವುದು ಹೇಗೆ? ಬೇರೆ ಕೋಣೆ ಆ ಮನೆಯಲ್ಲಿ ಇರಲಿಲ್ಲ.

ಡಾಕ್ಟರ್ ಮದ್ದು ಹೇಳಿದ್ದು ಒಂದೇ. ಕೂಸನ್ನು ಬರಿ ಎದೆಗೆ ಒತ್ತಿ ಹಿಡಿದುಕೊಳ್ಳಬೇಕು, ಕಾಂಗರೂ ಹಾಗೆ, ಗಂಟೆಗಟ್ಟಲೆ. ತಾಯಿ ಸುಸ್ತಾದರೆ ತಂದೆ. "ಪಾಪಾ ಭೀ. ಶರ್ಟ್ ನಿಕಾಲ್ ಕೇ." ಕಾಶಿನಾಥ ನಕ್ಕ. ಡಾಕ್ಟರ್ ನಗಲಿಲ್ಲ. ಅತ್ತೆಯ ಎದುರಿಗೆ ಅಂಗಿ ಬಿಚ್ಚಿ ಕೂತ ಅಳಿಯ ಅವನ ಊರಲ್ಲಿ ಇನ್ನೂ ಹುಟ್ಟಿರಲಿಲ್ಲ. ಹತ್ತಡಿ ಕೋಣೆಯಲ್ಲಿ ಅತ್ತೆ ಇಲ್ಲದ ಜಾಗ ಅಂದರೆ ಮಂಚದ ಕೆಳಗೆ. ಅದೂ ಹೋಗಲಿ ಎಂದರೆ ಯಂತ್ರ. ಅವನು ಕೂಸಿನ ಕಡೆ ಹೆಜ್ಜೆ ಇಟ್ಟರೆ ಕೆಂಪು, ಭಾಗವ್ವ ಸೆರಗು ಮುಂದೆ ಎಳೆದುಕೊಂಡು, "ಮಷೀನ, ಅಳಿಯಂದ್ರಿಗಿ ದೂರ ಕೂಡ ಅನ್ನು, ಕೆಂಪಾಗ್ಯದ," ಎನ್ನುವಳು. ಅವನು ಬಾಗಿಲ ಹತ್ತಿರ ಚಪ್ಪಲಿಗಳ ಪಕ್ಕ ಕೂತು ಚಾ ಕುಡಿಯುವನು. ಹೀಗೆ ಎಲ್ಲ ಹೊತ್ತೂ ಸೋನಾಲಿಯೊಬ್ಬಳೇ ಎದೆಗೆ ಹಿಡಿದು ಹಿಡಿದು ಅವಳ ಕಣ್ಣ ಕೆಳಗೆ ಕಪ್ಪು ಬಿತ್ತು, ಹಾಲು ಕಡಿಮೆಯಾಯಿತು, ಕೂಸಿನ ತೂಕ ಏರಬೇಕಾದಷ್ಟು ಏರಲಿಲ್ಲ. ನಾಳೆ ಮತ್ತೆ ತೂಗುವುದಿತ್ತು. ಏರದಿದ್ದರೆ ಪುನಃ ಆಸ್ಪತ್ರೆಯ ಗಾಜಿನ ಪೆಟ್ಟಿಗೆಗೆ ಎಂದಿದ್ದರು ಡಾಕ್ಟರ್.

ಯಂತ್ರವನ್ನು ಒಲಿಸಿಕೊಳ್ಳಲು ಕಾಶಿನಾಥ ಮಾಡದ ಪ್ರಯತ್ನವಿಲ್ಲ. ಸ್ಟೇಶನ್ ದಾರಿಯಲ್ಲಿ ಸಣ್ಣ ಹೋಟೆಲು ನಡೆಸುವ ಉಡುಪಿ ಕಡೆಯ ಸದಾನಂದ ಅವನಿಗೆ ಬೇಕಾದವನು. ಹೋಟೆಲಿನ ಹಿಂದಿನ ನಲ್ಲಿಯಲ್ಲಿ ದಿನಾ ಸ್ನಾನ ಮಾಡಿ ಬಟ್ಟೆ ಬದಲಿಸಿ ಹೋಗಲು ಇವನಿಗೆ ಜಾಗ ಕೊಟ್ಟ. ಮೊದಲ ದಿನ ಸದಾನಂದನ ಅಂಗಿ ಹಾಕಿಕೊಂಡು ಹೋದರೆ ಒಗ್ಗರಣೆಯ ವಾಸನೆಗೆ ಯಂತ್ರ ಮೂರು ಬೀದಿಗೆ ಕೇಳುವಂತೆ ಬೊಬ್ಬೆ ಹೊಡೆಯಿತು. ಎರಡನೇ ದಿನ ಪೌಡರು. ಇನ್ನೂ ಜೋರು. ಬರಿ ನೀರಿನಲ್ಲಿ ಮಿಂದು ಇಸ್ತ್ರಿ ಮಾಡಿದ ಅಂಗಿ ಹಾಕಿ, ಮೆಟ್ಟಿಲ ಮೇಲೆ ಉಸಿರು ಬಿಗಿಹಿಡಿದು ಒಳಗೆ ಹೋದ ದಿನವೂ ಕೆಂಪು. ಅವತ್ತು ಅವನಿಗೆ ನಿಜಕ್ಕೂ ಹೆದರಿಕೆಯಾಯಿತು. ಮೈಮೇಲಿನದಾದರೆ ತೊಳೆಯಬಹುದು, ಒಳಗಿನದೇ ಆದರೆ? ಎಲ್ಲರಿಗೂ ಕಾಣದ ಏನನ್ನೋ ಈ ಡಬ್ಬಿ ತನ್ನಲ್ಲಿ ಕಂಡಿರಬಹುದೇ? ಸೋನಾಲಿ ಡಾಕ್ಟರಿಗೆ ಕಣ್ಣಲ್ಲೇ ತೋರಿಸಿದ್ದು ಇದನ್ನೇ ಇರಬಹುದೇ? "ನೀವೊಂದು ಮಾರಾಯ್ರೇ," ಎಂದ ಸದಾನಂದ, "ಆ ಮಿಶನಿಗೆಲ್ಲ ಹೆದರುದುಂಟಾ? ನಮ್ಮ ಗ್ರೈಂಡರಿಗೂ ನನ್ನ ಕಂಡ್ರೆ ಆಗುದಿಲ್ಲ. ನಾನು ಹತ್ರ ಹೋದ್ರೆ ನಿಲ್ತದೆ. ವಿನೋದಿನಿ ಹೋದ್ರೆ ತಿರುಗ್ತದೆ. ಹೆಂಡ್ತಿ ಕೈಗುಣ ಅಂತ ಸುಮ್ಮನಿದ್ದೇನೆ." ಕಾಶಿನಾಥನಿಗೆ ಇದರಿಂದ ಸಮಾಧಾನವಾಗಲಿಲ್ಲ. ಗ್ರೈಂಡರು ನಿಂತರೆ ಇಡ್ಲಿ ಕೆಡಬಹುದು, ಅಷ್ಟೆ.

ಇವತ್ತು ಬೆಳಿಗ್ಗೆ ಯಾರೋ ಇನ್ಸ್‌ಪೆಕ್ಟರು ಬಂದು ಧೂಳು ತಡೆಯುವ ಹಸಿರು ಪರದೆ ಹರಿದಿದೆ ಎಂದು ಸೈಟಿನ ಕೆಲಸ ನಿಲ್ಲಿಸಿ ಹೋದರು. ಕಂಪನಿಯವರು ಫೋನಿನಲ್ಲಿ ಬಾಯಿಗೆ ಬಂದಂತೆ ಬೈದರು. ಕಾಶಿನಾಥ ತಲೆ ತಗ್ಗಿಸಿ ಕೇಳಿಸಿಕೊಳ್ಳುತ್ತಲೇ ಒಳಗೊಳಗೆ ಹಿಗ್ಗಿದ. ಬ್ರೇಕರ್ ಸುಮ್ಮನಾದ ಬೀದಿಯಲ್ಲಿ ಕಾಗೆಯ ದನಿ ಕೇಳಿಸುತ್ತಿತ್ತು. ಸದಾನಂದನ ಹೋಟೆಲಿನ ಹಿಂದೆ ಮಿಂದು, ಒಗೆದ ಅಂಗಿ ಹಾಕಿಕೊಂಡು, ಇಳಿಮಧ್ಯಾಹ್ನದಲ್ಲಿ ಮನೆಗೆ ಹೊರಟ. ದಿನಾ ಗೇಟಿನಿಂದ "ಬಂದೆ" ಎಂದು ಫೋನು ಮಾಡುವುದು ರೂಢಿ. ಮಲಗಿದ್ದಾರು ಎಂದು ಇವತ್ತು ಮಾಡಲಿಲ್ಲ. ಬಾಗಿಲು ಚಿಲಕ ಹಾಕದೆ ಮುಂದೆ ಮಾಡಿತ್ತು. ಮೆಲ್ಲಗೆ ದೂಡಿ ಒಳಗೆ ಕಾಲಿಟ್ಟು, ರೂಢಿಯಂತೆ ಕಣ್ಣು ಮುಚ್ಚಿ, ತೆರೆದ.

ನೀಲಿ.

ಅವನು ಇನ್ನೊಂದು ಹೆಜ್ಜೆ ಇಟ್ಟ. ನೀಲಿ. ಅಡಿಗೆಮನೆಯ ಬಾಗಿಲಿಗೆ ಒತ್ತಿಕೊಂಡು ಕೂತಿದ್ದ ಯಂತ್ರದ ಎದುರಿಗೇ ಹೋಗಿ ನಿಂತ. ಬೆನ್ನು ತೋರಿಸಿದ. ಮನೆಯಲ್ಲಿ ಯಾರೂ ಎಚ್ಚರವಿಲ್ಲವೆಂದು ಖಾತ್ರಿ ಮಾಡಿಕೊಂಡು ತೋಳು ಎತ್ತಿ ಕಂಕುಳನ್ನೂ ತೋರಿಸಿದ. ನೀಲಿ. ಮಂಚದ ಮೇಲೆ ಸೋನಾಲಿ ಗೋಡೆಗೆ ಒರಗಿ ನಿದ್ದೆ ಹೋಗಿದ್ದಳು, ಸೀರೆಯ ಮಡಿಕೆಯೊಳಗಿಂದ ಕೂಸಿನ ನೆತ್ತಿ ಮಾತ್ರ ಕಾಣುತ್ತಿತ್ತು. ಕಾಶಿನಾಥನಿಗೆ ಪರೀಕ್ಷೆಯಲ್ಲಿ ಪಾಸಾದವನಂತೆ ಯಾರಿಗಾದರೂ ತೋರಿಸಬೇಕೆನ್ನಿಸಿತು. ಅಷ್ಟರಲ್ಲಿ ಬಚ್ಚಲಿನಿಂದ ಭಾಗವ್ವ ಹೊರಗೆ ಬಂದವಳು, "ಅಯ್ಯ ಶಿವನ!" ಎಂದು ಸೆರಗನ್ನು ಮೂಗಿನವರೆಗೆ ಎಳೆದುಕೊಂಡು, "ಏ ಮಷೀನ, ಬಂದಾರಂತ ಹೇಳಬಾರದೇನ? ಇನ್ನಾ ನಾ ಏನೂ ಮಾಡಿಲ್ಲ!" ಎಂದು ಅಡಿಗೆಮನೆಗೆ ನುಗ್ಗಿದಳು. ಗ್ಯಾಸಿನ ಲೈಟರು ಟಕಟಕ ಎಂದಿತು. ಏನೂ ಮಾಡಿಲ್ಲ ಅಂದರೆ ಏನು ಮಾಡಬೇಕಿತ್ತು ಎಂದು ಕಾಶಿನಾಥ ಇಣುಕಿ ನೋಡಿದ. ಕಬ್ಬಿಣದ ಸೌಟಿನಲ್ಲಿ ಉಪ್ಪು, ಸಾಸಿವೆ, ಹಿಡಿ ತುಂಬ ಒಣ ಮೆಣಸಿನಕಾಯಿ. ಭಾಗವ್ವ ಅದನ್ನು ಅವನಿದ್ದ ಕಡೆಗೆ, ಅವನನ್ನು ನೋಡದೆ, ಗಾಳಿಯಲ್ಲಿ ನಿವಾಳಿಸಿ ಉರಿಯ ಮೇಲಿಟ್ಟಳು. ಮೆಣಸಿನಕಾಯಿ ಕರಿಕಾಗಿ ಹೊಗೆ ಎದ್ದಿತು. ಎದ್ದ ಹೊಗೆ ಅತ್ತಿತ್ತ ನೋಡದೆ ನೆಟ್ಟಗೆ ಯಂತ್ರದ ಬಾಯಿಗೆ ಹೋಯಿತು. ಕಿತ್ತಳೆ, ಆಮೇಲೆ ಕೆಂಪು, ಆಮೇಲೆ ಗುರ್ರ್. ಭಾಗವ್ವ ಮೂಗು ಅರಳಿಸಿ ಮೂಸಿದಳು. "ನೋಡ್ ಮಷೀನ, ಇಷ್ಟು ಸುಟ್ರೂ ಘಾಟ ಇಲ್ಲ. ಒಂದ ಸೀನ ಇಲ್ಲ, ಕೆಮ್ಮ ಇಲ್ಲ. ಎಷ್ಟ ಮಂದಿ ಕಣ್ಣು ಹೊತಗೊಂಡ ಬಂದಾರ ನಮ್ಮ ಅಳಿಯಂದ್ರು!"

ಮೆಣಸಿನಕಾಯಿ ಸುಟ್ಟರೂ ಘಾಟು ಬರದಿದ್ದರೆ ದೃಷ್ಟಿ ತಗಲಿದ್ದು ನಿಜ ಎಂಬುದು ಅವನಿಗೂ ಅವ್ವನ ಕಾಲದಿಂದ ಗೊತ್ತು. ಈಗ ಎಲ್ಲವೂ ಒಂದೇ ಸಲಕ್ಕೆ ಅರ್ಥವಾಗಿ ಕಾಶಿನಾಥ ಬಾಗಿಲ ಚೌಕಟ್ಟು ಹಿಡಿದುಕೊಂಡ. ಮೊದಲ ದಿನ ಯಂತ್ರ ಕೆಂಪಾದದ್ದು ತನ್ನ ಸಿಮೆಂಟಿಗೆ. ಅದನ್ನು ಕಂಡು ಮಾರನೆಯ ದಿನದಿಂದ ಅತ್ತೆ ತನ್ನ "ಬಂದೆ" ಎಂಬ ಫೋನು ಕೇಳಿದ ಕೂಡಲೇ ಸೌಟು ಹಚ್ಚುತ್ತಿದ್ದಾಳೆ. ಅವಳ ಹೊಗೆಗೆ ಯಂತ್ರ ಕೆಂಪು. ಯಂತ್ರ ಕೆಂಪಾಯಿತೆಂದು ತನಗೆ ದೃಷ್ಟಿ. ಯಂತ್ರ ಘಾಟನ್ನೆಲ್ಲ ನುಂಗಿ ನೀರು ಕುಡಿದು ಕೂತದ್ದರಿಂದ ದೃಷ್ಟಿ ಭಾರಿ. ಭಾರಿಯಾದ್ದರಿಂದ ನಾಳೆಗೆ ಇನ್ನೊಂದು ಹಿಡಿ. ತಾನು ಕಂಡವರ ನಲ್ಲಿಯಲ್ಲಿ ಮೈ ತಿಕ್ಕಿಕೊಂಡದ್ದು, ಒಳಗಿನ ಪಾಪವೆಂದು ನಿದ್ದೆಗೆಟ್ಟದ್ದು, ಎಲ್ಲ ಬ್ಯಾಡಗಿ ಮೆಣಸಿನಕಾಯಿಯಿಂದ! ಸಿಟ್ಟೂ ನಗುವೂ ಒಟ್ಟಿಗೆ ಬಂದು, ಯಾವುದನ್ನು ಮೊದಲು ಬಿಡಬೇಕೆಂದು ತಿಳಿಯಲಿಲ್ಲ. ಇದನ್ನು ಅತ್ತೆಗೆ ಹೇಳುವುದು ಹೇಗೆ? ಸೋನಾಲಿ ಮಲಗಿದ್ದಾಳೆ, ಮರೆಪ್ಪ ಪವಾಯಿಯಲ್ಲಿದ್ದಾನೆ. ಮಧ್ಯಸ್ಥಿಕೆಗೆ ಉಳಿದದ್ದು ಯಂತ್ರವೊಂದೇ. ಅವನು ಅದರ ಕಡೆಗೆ ಬಾಗಿ "ನೋಡು ಮಷೀನ..." ಎಂದು ಶುರುಮಾಡಿದ. ಅಪರಾಧಿಯ ಹತ್ತಿರವೇ ಫಿರ್ಯಾದು ಹೇಳುವುದು ಸರಿ ಕಾಣಲಿಲ್ಲ. ಆಗ ಹೊಳೆಯಿತು. ಕೆಮ್ಮಿದರೆ ಮುಗಿಯಿತಲ್ಲ! ಘಾಟು ಬಂತು ಎಂದರೆ ದೃಷ್ಟಿ ಹೋಯಿತು. ಕಾಶಿನಾಥ ಎದೆ ಸೆಟೆಸಿ, ಸೈಟಿನಲ್ಲಿ ಕ್ರೇನಿನವನನ್ನು ಕರೆಯುವ ದನಿಯಲ್ಲಿ ಕೆಮ್ಮಿದ.

"ಬಂತು! ಬಂತು ನೋಡ್ ಮಷೀನ!" ಭಾಗವ್ವನ ಹಿಗ್ಗು ಹೇಳತೀರದು. "ಬಿಟ್ಟ ಹೊಂಟದ. ಇನ್ನೊಂದೀಟು ಉಳದದ, ಅದೂ ಹೋಗ್ಲಿ." ಹಾಗೆಂದು ಡಬ್ಬಿಯಲ್ಲಿ ಮಿಕ್ಕಿದ್ದ ಮೆಣಸಿನಕಾಯಿಯನ್ನೆಲ್ಲ ಸೌಟಿಗೆ ಸುರಿದಳು. ಈ ಸಲ ಯಂತ್ರದಿಂದಲೂ ತಡೆಯಲಾಗಲಿಲ್ಲ. ಘಾಟು ಕೋಣೆಗೆ ನುಗ್ಗಿತು. ಕಾಶಿನಾಥನ ನಾಟಕದ ಕೆಮ್ಮು ಅರ್ಧದಲ್ಲೇ ನಿಜವಾಗಿ ಕಣ್ಣಲ್ಲಿ ನೀರು ಬಂತು, ಭಾಗವ್ವ ಸೀನಿದಳು, ಸೋನಾಲಿ ಎದ್ದು ಕೆಮ್ಮುತ್ತ "ಕ್ಯಾ ಹುವಾ? ಆಗ್ ಲಗೀ ಕ್ಯಾ?" ಎಂದಳು. ಆ ಗದ್ದಲದ ನಡುವೆ ಹಸಿ ಬೆಂಕಿಕಡ್ಡಿ ಗೀರಿದಷ್ಟು ಸಣ್ಣ ಸದ್ದೊಂದು ಕೇಳಿಸಿತು. ಇನ್ನೊಮ್ಮೆ. ಕೂಸು ಕೆಮ್ಮುತ್ತಿತ್ತು. ಮೂವರೂ ನಿಂತಲ್ಲೇ ನಿಂತರು. ಭಾಗವ್ವ ಸೌಟನ್ನು ಸಿಂಕಿಗೆ ಎಸೆದು ನಲ್ಲಿ ತಿರುಗಿಸಿದಳು. ಸೋನಾಲಿಗೆ ತನ್ನ ಕೆಮ್ಮೇ ತಡೆಯಲಾಗುತ್ತಿರಲಿಲ್ಲ. "ಹಿಡಿ! ಬಾಹರ್ ಲೇಕೇ ಜಾ!" ಎಂದು ಕೂಸನ್ನು ಅವನ ಕೈಗೆ ತುರುಕಿದಳು. ಕಾಶಿನಾಥ ಮನೆಗಳ ಮುಂದಿನ ಗ್ಯಾಲರಿಗೆ ಓಡಿದ. ಕೈಯಲ್ಲಿ ಏನೂ ಇಲ್ಲದಷ್ಟು ಹಗುರ. ಮುಖ ಕೆಂಪಾಗಿತ್ತು, ಬಾಯಿ ತೆರೆದಿತ್ತು, ಸದ್ದಿಲ್ಲ. ಎದುರಿಗೆ ತಾನೇ ಕೆಡವಿದ ಸೊಸೈಟಿ, ಹರಿದ ಪರದೆ. ದೇವರೇ, ಬ್ರೇಕರ್ ನಿಂತಿದೆ, ಧೂಳಿಲ್ಲ, ಇವತ್ತೊಂದು ದಿನ ಗಾಳಿ ಸರಿಯಾಗಿದೆ, ಉಸಿರಾಡು ತಾಯಿ, ಎಂದು ಅವನು ಬಾಯಿಬಿಟ್ಟೇ ಬೇಡಿಕೊಂಡ. ಕೂಸು ಉಸಿರು ಎಳೆದುಕೊಂಡು, ಇಷ್ಟು ದಿನ ತೋರಿಸದ ತಾಕತ್ತನ್ನೆಲ್ಲ ಕೂಡಿಸಿ, ಗ್ಯಾಲರಿಯ ಎಲ್ಲ ಬಾಗಿಲೂ ತೆರೆಯುವಂತೆ ಅತ್ತಿತು.

ಹೊಗೆ ಪೂರ್ತಿ ಹೋದ ಮೇಲೆ ಒಳಗೆ ಬಂದರೆ ಸೋನಾಲಿ ಕೂಸಿನ ಪಾದ ಮುಟ್ಟಿ ನೋಡಿ, "ಠಂಡಾ ಆಗ್ಯದ. ಶರ್ಟ್ ತೆಗಿ," ಎಂದಳು.

"ಅತ್ತಿ ಅದಾರಲ್ಲ," ಎಂದ ಕಾಶಿನಾಥ, ಯಂತ್ರಕ್ಕೂ ಕೇಳಿಸದಷ್ಟು ಮೆಲ್ಲಗೆ.

"ಮಮ್ಮಿ, ಆ ಕಡೆ ತಿರುಗು. ನೀನು ತೆಗಿ. ನನ್ನ ಕೈಯಾಗ ತಾಕತ್ ಇಲ್ಲ ಈಗ."

ಭಾಗವ್ವ ಮಂಚಕ್ಕೆ ಬೆನ್ನು ಹಾಕಿ ಯಂತ್ರದ ಎದುರು ಕೂತಳು. ಕಾಶಿನಾಥ ಅಂಗಿ ಬಿಚ್ಚಿ, ಬನಿಯನ್ನೂ ಬಿಚ್ಚಿ, ಹೆಣ್ಣು ನೋಡಲು ಬಂದವರ ಮುಂದೆ ಕೂತ ಹುಡುಗಿಯಂತೆ ಮುದುಡಿ ಮಂಚದ ತುದಿಗೆ ಕೂತ. ಸೋನಾಲಿ ಕೂಸನ್ನು ಅವನ ಎದೆಗೆ ಒತ್ತಿ ಮೇಲೆ ಸೀರೆ ಹೊದಿಸಿದಳು. ಆಮೇಲೆ ತಾಯಿಗೆ ಹೇಳಿದಳು, "ಮಮ್ಮಿ, ಈ ಮಷೀನ್ ಹೊಗಿ ತಿಂತದ. ಅದಕ್ಕ ನಿನಗ ಘಾಟ ಬರಂಗಿಲ್ಲ. ದೃಷ್ಟಿಬಿಷ್ಟಿ ಏನಿಲ್ಲ."

ಭಾಗವ್ವ ಯಂತ್ರದ ಮೇಲೆ ಕೂತಿದ್ದ ಮಸಿಯನ್ನು ಸೆರಗಿನಿಂದ ಒರೆಸಿದಳು. ಆಮೇಲೆ ಮಗಳಿಗೂ ಹೇಳದೆ, ಅಳಿಯನಿಗಂತೂ ಹೇಳದೆ, ಯಂತ್ರಕ್ಕೆ ಹೇಳಿದಳು. "ಸೋನಾಲಿಕಿಂತ ಮುಂಚೆ ನನಗೊಂದು ಕೂಸಿತ್ತು, ಮಷೀನ. ಪವಾಯಿದಾಗ ಟವರ ಕಟ್ಟೂವಾಗ, ಸಿಮೆಂಟ್ ಮಿಕ್ಸರ್ ಮಗ್ಗಲಾಗ ಸೀರಿ ಜೋಳಿಗಿ ಕಟ್ಟಿ ಮಲಗಿಸ್ತಿದ್ದೆ. ಇಡೀ ದಿನಾ ಕೆಮ್ಮತಿತ್ತು. ಕಣ್ಣು ಬಿದ್ದದ ಅಂದ್ರು ಮಂದಿ. ಮೆಣಸಿನಕಾಯಿ ಸುಟ್ಟೆ. ಘಾಟ ಬರಲಿಲ್ಲ. ನಾ ಖರೇ ಅಂತ ತಿಳಕೊಂಡೆ. ಕೂಸು ಉಳೀಲಿಲ್ಲ." ಯಂತ್ರದ ಕಡೆ ಇನ್ನಷ್ಟು ಬಾಗಿ, "ಬಯಲು ಅದು. ಬಯಲಾಗ ಘಾಟ ಹ್ಯಾಂಗ ಬರ್ತದ, ಮಷೀನ?" ಎಂದಳು. ಸೋನಾಲಿ ಇದನ್ನು ಎಂದೂ ಕೇಳಿರಲಿಲ್ಲ. ಎದ್ದು ಹೋಗಿ ತಾಯಿಯ ಬೆನ್ನಿಗೆ ಒರಗಿ ಕೂತಳು. ಎಷ್ಟೋ ಜೋಳಿಗೆಗಳನ್ನು ತನ್ನ ಸೈಟಿನ ಮಿಕ್ಸರಿನ ಪಕ್ಕ ಕಾಶಿನಾಥ ನೋಡಿದ್ದ. ದಾರಿಗೆ ಅಡ್ಡ ಬರುತ್ತದೆ, ತೆಗೀರಿ ಎಂದು ಬೈದಿದ್ದನೇ ಹೊರತು ಯಾವ ಜೋಳಿಗೆಯ ಒಳಗೂ ಇಣುಕಿರಲಿಲ್ಲ. ಅವನಿಗೆ ತನ್ನ ಬಗ್ಗೆ ಹೇಸಿಗೆಯಾಯಿತು.

ಎದೆಯ ಮೇಲೆ ಕೂಸು ಬೆಚ್ಚಗಾಗಿ ಬಾಯಿ ಚಪ್ಪರಿಸಿತು. ಆ ಧೈರ್ಯದಲ್ಲಿ ಅವನು ಕೇಳಿಬಿಟ್ಟ. "ಅವತ್ತ ಡಾಕ್ಟರ್ ಟೆನ್ಶನ್ ಅಂದಾಗ ನನ್ನ ಯಾಕ ನೋಡಿದಿ?"

ಸೋನಾಲಿಗೆ ಮೊದಲು ಯಾವತ್ತು ಎಂಬುದೇ ನೆನಪಾಗಲಿಲ್ಲ. ಆಮೇಲೆ ಮೂಗು ಒರೆಸಿಕೊಂಡು ನಕ್ಕಳು. "ಅರೇ ಯಾರ್, ಏನ್ ಹೇಳ್ಲಿ ಅಂತ ಗೊತ್ತಾಗ್ಲಿಲ್ಲ. ಎಲ್ಲಿಂದ ಶುರು ಮಾಡ್ಲಿ? ಬಾಂದ್ರಾ ತನಕಾ ನಿಂತು ಹೋಗೂದು, ಹೊಟ್ಟಿಗಿ ಬ್ಯಾಗ್ ಅಡ್ಡ ಹಿಡ್ಕೊಂಡು. ಆಫೀಸ್‌ನಾಗ ದಿನಾ ರಜಾದ್ದೇ ಕೇಳೂದು, ಛುಟ್ಟಿ ಕಬ್ ಸೇ, ಛುಟ್ಟಿ ಕಬ್ ಸೇ. ಗರ್ಮಿ. ನಿನ್ನ ಬ್ರೇಕರ್. ನೀನು ಹೇಳ್ತಿ ಅಂತ ನೋಡಿದೆ. ಇವಳಿಗಿ ಭಾಳ ತ್ರಾಸ ಆಗ್ಯದ ಅಂತ ಒಂದ್ ಮಾತು. ನೀನು ಛತ್ ನೋಡ್ಕೊಂಡು ಕೂತಿದ್ದಿ."

"ಮತ್ತ ನಾನು? ನಾ ಇಲ್ಲೇನು ಆ ಟೆನ್ಶನ್‌ದಾಗ?"

"ಇದ್ದಿ ಬಿಡು. ಥೋಡಾಸಾ." ಅವಳು ಬೆರಳ ತುದಿ ತೋರಿಸಿದಳು. "ಪ್ಲೇಟ್ ಮೂಲಿದಾಗ ಚಟ್ನಿ ಇರ್ತದಲ್ಲ, ಅಷ್ಟು."

ಕಾಶಿನಾಥನಿಗೆ ಎದೆಯ ಮೇಲಿನ ಕಲ್ಲು ಇಳಿದಂತಾಯಿತು. ಬೆನ್ನಿಗೇ ಸಣ್ಣಗೆ ಬೇಸರವೂ ಆಯಿತು. ಇಷ್ಟು ದಿನ ಇಡೀ ಊಟದ ಹೊಣೆ ಹೊತ್ತು ಒದ್ದಾಡಿದವನು ಬರೀ ಚಟ್ನಿಯಂತೆ! ಖಾರದ್ದಾದರೂ ಹೌದೋ ಇಲ್ಲವೋ ಕೇಳಬೇಕೆನ್ನಿಸಿತು, ಕೇಳಲಿಲ್ಲ. "ನಾಳಿ ತೂಕ ಮಾಡ್ಸಾಕ ಹೋದಾಗ ನಾ ಹೇಳ್ತೀನಿ ಡಾಕ್ಟರಿಗಿ, ಎಲ್ಲಾ," ಎಂದ. ಹೇಳುತ್ತ ಹೇಳುತ್ತ ಹೆಂಡತಿಯ ಕಡೆಗೆ ಬಾಗಿದ. ಕೂಸಿನ ತಲೆ ಅವನ ಎದೆಯಿಂದ ಮೆಲ್ಲಗೆ ಪಕ್ಕಕ್ಕೆ ಜಾರುತ್ತಿದ್ದುದು ಅವನ ಗಮನಕ್ಕೆ ಬರಲಿಲ್ಲ.

"ಅಳಿಯಂದೇರ, ತಲಿ ಹಿಡೀರಿ!"

ಕಾಶಿನಾಥ ಬೆಚ್ಚಿ ಕೈ ಕೊಟ್ಟ. ತಲೆ ಅಂಗೈಯಲ್ಲಿ ಬಂದು ಕೂತಿತು. ಮಾತು ಬಂದದ್ದು ಯಾರಿಂದ ಎಂದು ಅವನಿಗೂ ಸೋನಾಲಿಗೂ ಕೂಡಲೇ ತಿಳಿಯಲಿಲ್ಲ. ಭಾಗವ್ವ ಬೆನ್ನು ಹಾಕಿಯೇ ಕೂತಿದ್ದಳು. ಯಂತ್ರದ ಕಪ್ಪು ಗಾಜಿನ ಮೋರೆಯಲ್ಲಿ ಮಂಚ, ಅಳಿಯ, ಅಳಿಯನ ಬರಿಮೈ, ಕೂಸು, ಎಲ್ಲ ಕನ್ನಡಿಯಂತೆ ಕಾಣುತ್ತಿತ್ತು. ಅವಳು ಆಗಿನಿಂದಲೂ ಎಲ್ಲವನ್ನೂ ನೋಡುತ್ತಿದ್ದಳು.

ಕಾಶಿನಾಥ ನಾಚಿಕೆಯಿಂದ ಕುತ್ತಿಗೆಯವರೆಗೂ ಕೆಂಪಾಗಿ, ಯಂತ್ರವನ್ನು ಬಿಟ್ಟು ಅವಳ ಬೆನ್ನಿಗೇ ಉತ್ತರ ಕೊಟ್ಟ.

"ಹಿಡದೀನ್ರಿ, ಅತ್ತಿ."